ಕಲ್ಲಚ್ಚಿನಿಂದ ತರಗತಿಯವರೆಗೆ: ಕ್ರೈಸ್ತ ವಿದ್ಯಾಸಂಸ್ಥೆಗಳ ಪತ್ರಿಕೋದ್ಯಮ ಶಿಕ್ಷಣ ಮತ್ತು ಗಡಿಯ ಮದ್ದೂರು

ಮದ್ದೂರು ಎಂದೊಡನೆ ಮಂಡ್ಯ ಜಿಲ್ಲೆಯ ಪಟ್ಟಣವೇ ನೆನಪಿಗೆ ಬರುವುದು ಸಹಜ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರನ್ನು. ಗುಂಡ್ಲುಪೇಟೆಯಿಂದ ಹೊರಟ ಹೆದ್ದಾರಿಯು ಮದ್ದೂರನ್ನು ದಾಟಿ, ಬಂಡೀಪುರದ ಕಾಡನ್ನು ಹಾದು, ಮೂಲೆಹೊಳೆಯ ಬಳಿ ರಾಜ್ಯದ ಗಡಿಯನ್ನು ಮುಟ್ಟಿ, ಕೇರಳದ ಮುತ್ತಂಗ ಮತ್ತು ಸುಲ್ತಾನ್ ಬತ್ತೇರಿಗಳ ಕಡೆಗೆ ಸಾಗುತ್ತದೆ. ಈ ರಸ್ತೆಯ ಒಂದು ತುದಿಗೆ ಕನ್ನಡ ಪತ್ರಿಕೆಗಳು, ಇನ್ನೊಂದು ತುದಿಗೆ ಮಲಯಾಳಂ ಪತ್ರಿಕೆಗಳು. ಎರಡೂ ಭಾಷೆಗಳ ಪತ್ರಿಕಾ ಚರಿತ್ರೆಯ ಆರಂಭದಲ್ಲಿ ಕ್ರೈಸ್ತ ಮುದ್ರಣಾಲಯಗಳಿವೆ. ಆ ಪರಂಪರೆಗೆ ಸೇರಿದ ವಿದ್ಯಾಸಂಸ್ಥೆಗಳು ಇಂದು ವಿಶ್ವವಿದ್ಯಾನಿಲಯಗಳಾಗಿ ಪತ್ರಿಕೋದ್ಯಮ, ಛಾಯಾಪತ್ರಿಕೋದ್ಯಮ ಹಾಗೂ ಸಾರ್ವಜನಿಕ ಸಂಪರ್ಕವನ್ನು ಬೋಧಿಸುತ್ತಿವೆ. ಈ ಶಿಕ್ಷಣವು ಮದ್ದೂರಿನಂತಹ ಗಡಿಗ್ರಾಮಕ್ಕೆ ಎಷ್ಟು ಹತ್ತಿರವಾಗಿದೆ, ಎಷ್ಟು ದೂರ ಉಳಿದಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಚ್ಚಿನ ಸುದ್ದಿ ಬರುವುದಕ್ಕೆ ಮೊದಲೇ ಈ ಸೀಮೆಗೆ ತನ್ನದೇ ಆದ ಸುದ್ದಿಯ ವ್ಯವಸ್ಥೆಯಿತ್ತು. ತಮಟೆ ಹೊಡೆದು ಊರಿಗೆ ಸಾರುವವರಿದ್ದರು. ಸಂತೆ ಮತ್ತು ಜಾತ್ರೆಗಳು ವರ್ತಮಾನದ ವಿನಿಮಯ ಕೇಂದ್ರಗಳಾಗಿದ್ದವು. ಮಂಟೇಸ್ವಾಮಿ ಪರಂಪರೆಯ ನೀಲಗಾರರು ಹಾಗೂ ಮಲೆಮಹದೇಶ್ವರನ ದೇವರಗುಡ್ಡರು ಊರಿಂದೂರಿಗೆ ಸಂಚರಿಸುತ್ತಾ ಕಾವ್ಯದೊಡನೆ ಲೋಕವಾರ್ತೆಯನ್ನೂ ಹೊತ್ತು ತರುತ್ತಿದ್ದರು. ಕಾಡಂಚಿನ ಸೋಲಿಗ ಮತ್ತು ಜೇನುಕುರುಬರ ಹಾಡಿಗಳಲ್ಲಿ ಕಾಡಿನ ತಿಳಿವಳಿಕೆಯು ಮಾತಿನ ಮೂಲಕವೇ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟುತ್ತಿತ್ತು. ಈ ವ್ಯವಸ್ಥೆಯಲ್ಲಿ ಹೇಳುವವನೂ ಕೇಳುವವನೂ ಒಂದೇ ಭಾಷೆಯವರು. ಹೇಳಿದ ಮಾತು ಸುಳ್ಳಾದರೆ ಮುಂದಿನ ಸಂತೆಯಲ್ಲಿ ಉತ್ತರ ಕೊಡಬೇಕಾಗುತ್ತಿತ್ತು.

ಕನ್ನಡದ ಮೊದಲ ಪತ್ರಿಕೆಯೆಂದು ಪರಿಗಣಿತವಾಗಿರುವ ‘ಮಂಗಳೂರ ಸಮಾಚಾರ’ವು ಈ ಮೌಖಿಕ ಲೋಕಕ್ಕೆ ತೀರ ಅಪರಿಚಿತವಾಗಿ ಕಾಣಿಸಿಕೊಳ್ಳಲಿಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಇದನ್ನು ಪಾಕ್ಷಿಕವಾಗಿ ಆರಂಭಿಸಿದನು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಈ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರ್ಕಾರದ ಆಜ್ಞೆಗಳು, ದೂರದೇಶದ ಸುದ್ದಿ ಹಾಗೂ ಕಥೆಗಳಿಗೆ ಸ್ಥಳವಿತ್ತು. 1844ರಲ್ಲಿ ಅದು ಬಳ್ಳಾರಿಗೆ ಸ್ಥಳಾಂತರಗೊಂಡು, ಅಚ್ಚುಮೊಳೆಗಳ ಮುದ್ರಣವನ್ನು ಪಡೆಯಿತು. ಅದರ ಆಯುಷ್ಯ ಅಲ್ಪವಾಗಿದ್ದರೂ ಜುಲೈ 1 ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಣೆಯಾಗುತ್ತಿದೆ. ಮೋಗ್ಲಿಂಗನ ಮುಂದಿದ್ದ ಗುರಿ ಧರ್ಮಪ್ರಸಾರವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಜನರನ್ನು ಮುಟ್ಟಬೇಕಾದರೆ ಜನರ ಭಾಷೆಯನ್ನು ಕಲಿಯಲೇಬೇಕೆಂಬುದನ್ನು ಅವನು ಅರಿತಿದ್ದನು. ದಾಸರ ಪದಗಳ ಸಂಗ್ರಹ ಹಾಗೂ ‘ಬಿಬ್ಲಿಯೋಥೆಕಾ ಕರ್ನಾಟಕ’ ಮಾಲೆಯ ಪ್ರಕಟಣೆಗಳು ಈ ಅರಿವಿನ ಫಲಗಳು. ವರದಿಗಾರ ಮತ್ತು ಸಂಗ್ರಾಹಕ ಎಂಬ ಎರಡು ಪಾತ್ರಗಳು ಅವನಲ್ಲಿ ಬೇರೆಬೇರೆಯಾಗಿರಲಿಲ್ಲ ಎಂಬುದನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ವಿಶೇಷವಾಗಿ ಗಮನಿಸಬೇಕು.

ಮದ್ದೂರು ಸೀಮೆಯನ್ನೊಳಗೊಂಡಿದ್ದ ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ನಿನವರು 1887ರಲ್ಲಿ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ಯನ್ನು ವಾರಪತ್ರಿಕೆಯಾಗಿ ಹೊರತಂದರು. ಅದೇ 1887ರಲ್ಲಿ ಗಡಿಯಾಚೆಯ ಮಲಯಾಳಂ ನಾಡಿನಲ್ಲಿ, ಮಾನ್ನಾನಂ ಎಂಬಲ್ಲಿ, ‘ನಸ್ರಾಣಿ ದೀಪಿಕ’ ಪತ್ರಿಕೆ ಪ್ರಾರಂಭವಾಯಿತು. ಮಾನ್ನಾನಂನ ಮುದ್ರಣಾಲಯವನ್ನು 1846ರಲ್ಲಿ ಸ್ಥಾಪಿಸಿದವರು ಕುರಿಯಾಕೋಸ್ ಏಲಿಯಾಸ್ ಚಾವರ. ಅವರು ಸ್ಥಾಪಕರಲ್ಲಿ ಒಬ್ಬರಾಗಿದ್ದ ಸಿ.ಎಂ.ಐ. ಸಭೆಯೇ 1969ರಲ್ಲಿ ಬೆಂಗಳೂರಿನಲ್ಲಿ ಕ್ರೈಸ್ಟ್ ಕಾಲೇಜನ್ನು ಆರಂಭಿಸಿತು. 2008ರಲ್ಲಿ ಆ ಕಾಲೇಜಿಗೆ ಪರಿಗಣಿತ ವಿಶ್ವವಿದ್ಯಾನಿಲಯದ ಸ್ಥಾನ ದೊರೆಯಿತು. ಹೀಗೆ ಕನ್ನಡ ನಾಡಿನ ರಾಜಧಾನಿಯಲ್ಲಿ ಪತ್ರಿಕೋದ್ಯಮವನ್ನು ಕಲಿಸುವ ಒಂದು ಪ್ರಮುಖ ಸಂಸ್ಥೆಯ ಹಿಂದೆ ಒಂದು ಹಳೆಯ ಮಲಯಾಳಂ ಮುದ್ರಣ ಪರಂಪರೆಯಿದೆ.

ಪತ್ರಿಕೋದ್ಯಮವು ಉನ್ನತ ಶಿಕ್ಷಣದ ವಿಷಯವಾಗಿ ಕರ್ನಾಟಕಕ್ಕೆ ಬಂದದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಆ ವಿಭಾಗವನ್ನು ಕಟ್ಟಿದವರು ನಾಡಿಗ ಕೃಷ್ಣಮೂರ್ತಿ. ಹೆಚ್ಚುಕಡಿಮೆ ಅದೇ ವೇಳೆಗೆ, 1952ರಲ್ಲಿ, ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಅಮೆರಿಕದ ಪ್ರಾಧ್ಯಾಪಕ ರೋಲಂಡ್ ವೂಲ್ಸ್ಲಿಯವರ ನೆರವಿನೊಡನೆ ಪತ್ರಿಕೋದ್ಯಮ ಬೋಧನೆ ಪ್ರಾರಂಭವಾಯಿತು. ಸ್ಕಾಟ್ಲೆಂಡಿನ ಮಿಷನರಿ ಸ್ಟೀಫನ್ ಹಿಸ್ಲಾಪನ ಹೆಸರನ್ನು ಹೊತ್ತ ಈ ಕಾಲೇಜು, ಭಾರತದ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಈ ವಿಷಯಕ್ಕೆ ಸ್ಥಾನ ನೀಡಿದ ಆರಂಭದ ನಿದರ್ಶನಗಳಲ್ಲಿ ಒಂದು. ಕರ್ನಾಟಕದಲ್ಲಿ 1882ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜು 2022ರಲ್ಲಿ ವಿಶ್ವವಿದ್ಯಾನಿಲಯವಾಯಿತು. 1880ರಲ್ಲಿ ಸ್ಥಾಪಿತವಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು.

ಇಂತಹ ಸಂಸ್ಥೆಗಳ ಪಠ್ಯಕ್ರಮದಲ್ಲಿ ಪತ್ರಿಕೋದ್ಯಮವು ಇಂಗ್ಲಿಷ್ ಸಾಹಿತ್ಯ, ಮನಃಶಾಸ್ತ್ರ ಮೊದಲಾದ ವಿಷಯಗಳ ಜೊತೆಗೆ ಐಚ್ಛಿಕ ವಿಷಯವಾಗಿ ಬೆಳೆಯಿತು. ವರದಿಗಾರಿಕೆ, ಸಂಪಾದನೆ, ಮಾಧ್ಯಮ ಕಾನೂನು, ಜಾಹೀರಾತುಗಳೊಡನೆ ಛಾಯಾಪತ್ರಿಕೋದ್ಯಮವೂ ಸಾರ್ವಜನಿಕ ಸಂಪರ್ಕವೂ ಸೇರಿಕೊಂಡವು. ಇವುಗಳಲ್ಲಿ ಛಾಯಾಪತ್ರಿಕೋದ್ಯಮವು ತರಗತಿಗೆ ಬಂದದ್ದು ತಡವಾಗಿ. ಮೈಸೂರಿನವರಾದ ಟಿ.ಎಸ್. ಸತ್ಯನ್ (1923–2009) 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯನ್ನು ಸೇರಿದಾಗ ಕ್ಯಾಮೆರಾ ವಿದ್ಯೆಗೆ ಪದವಿಯ ಪಾಠವಿರಲಿಲ್ಲ. ಜನಸಾಮಾನ್ಯರ ದಿನನಿತ್ಯದ ಬದುಕನ್ನು ಹತ್ತಿರ ನಿಂತು ನೋಡುವ ಸಂಯಮವೇ ಅವರ ಚಿತ್ರಗಳ ಶಕ್ತಿ. ಸಾರ್ವಜನಿಕ ಸಂಪರ್ಕದ ಸ್ವರೂಪವೇ ಬೇರೆ. ಬಾಸೆಲ್ ಮಿಷನ್ನಿನವರು ಯುರೋಪಿನ ದಾನಿಗಳಿಗಾಗಿ ಕಳುಹಿಸುತ್ತಿದ್ದ ವಾರ್ಷಿಕ ವರದಿಗಳು ಮತ್ತು ಛಾಯಾಚಿತ್ರಗಳಲ್ಲಿಯೇ ಅದರ ಪೂರ್ವರೂಪವನ್ನು ಗುರುತಿಸಬಹುದು. ಪತ್ರಿಕೋದ್ಯಮ ಪ್ರಶ್ನಿಸುವ ವಿದ್ಯೆ. ಸಾರ್ವಜನಿಕ ಸಂಪರ್ಕ ಸಂಸ್ಥೆಯ ಹೆಸರನ್ನು ಕಾಯುವ ವಿದ್ಯೆ. ಎರಡನ್ನೂ ಒಂದೇ ವಿದ್ಯಾರ್ಥಿಗೆ ಕಲಿಸುವಾಗ ಉಂಟಾಗುವ ಒಳತಿಕ್ಕಾಟವನ್ನು ಈ ಶಿಕ್ಷಣ ಮರೆಯುವಂತಿಲ್ಲ.

ಈ ಮೂರು ವಿದ್ಯೆಗಳೂ ಏಕಕಾಲಕ್ಕೆ ಪರೀಕ್ಷೆಗೊಳಗಾದ ಸ್ಥಳ ಮದ್ದೂರಿನ ರಸ್ತೆ. ವನ್ಯಜೀವಿಗಳ ಸಾವನ್ನು ತಡೆಯಲು ಬಂಡೀಪುರದ ಮೂಲಕ ಸಾಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಿ ಚಾಮರಾಜನಗರ ಜಿಲ್ಲಾಡಳಿತವು 2009ರಲ್ಲಿ ಆದೇಶ ಹೊರಡಿಸಿತು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ನಿರ್ಬಂಧದ ವಿರುದ್ಧ ಉಪವಾಸ ಸತ್ಯಾಗ್ರಹ ನಡೆಯಿತು. ರಸ್ತೆಯ ಒಂದು ಕಡೆಯಿಂದ ನೋಡಿದರೆ ಇದು ಆನೆ, ಹುಲಿ, ಜಿಂಕೆಗಳ ಉಳಿವಿನ ಪ್ರಶ್ನೆ. ಮತ್ತೊಂದು ಕಡೆಯಿಂದ ನೋಡಿದರೆ ವಯನಾಡಿನ ಪ್ರಯಾಣಿಕರ ಮತ್ತು ವ್ಯಾಪಾರಿಗಳ ಸಂಕಷ್ಟ. ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಯ ಒಂದು ಛಾಯಾಚಿತ್ರ ನೂರು ಅಂಕಿಅಂಶಗಳಿಗಿಂತ ಬಲವಾಗಿ ವಾದಿಸಬಲ್ಲದು. ಆದರೆ ಕಾಡಂಚಿನಲ್ಲಿಯೇ ಬದುಕುವ ಹಾಡಿಯವರ ರಾತ್ರಿಯನ್ನು ಅಂತಹ ಚಿತ್ರವೂ ಹೇಳಲಾರದು. ಸುದ್ದಿಯ ನಡುವೆ ಬದುಕುವವರು ಸುದ್ದಿಯ ಮೂಲವಾಗಬೇಕಾದರೆ ಅವರ ಮಾತನ್ನು ಅವರ ನುಡಿಯಲ್ಲಿಯೇ ಕೇಳಬಲ್ಲ ವರದಿಗಾರ ಬೇಕು.

ಮೂಲ ಸಮಸ್ಯೆಯಿರುವುದು ಇಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಮಿಷನರಿಗಳು ಪರದೇಶದಿಂದ ಬಂದು ಕನ್ನಡ, ತುಳು, ಮಲಯಾಳಂಗಳನ್ನು ಕಲಿತರು. ಇಂದಿನ ಕ್ರೈಸ್ತ ವಿಶ್ವವಿದ್ಯಾನಿಲಯಗಳಲ್ಲಿ ಪತ್ರಿಕೋದ್ಯಮದ ಪಾಠ ಪ್ರಧಾನವಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಇದು ಕ್ರೈಸ್ತ ಸಂಸ್ಥೆಗಳಿಗೆ ಮಾತ್ರ ಸೀಮಿತವಾದ ದೋಷವಲ್ಲ. ನಗರಕೇಂದ್ರಿತ ಮಾಧ್ಯಮ ಶಿಕ್ಷಣವೆಲ್ಲ ಹಿಡಿದಿರುವ ದಾರಿ. ಇಂಗ್ಲಿಷ್ ಶಿಕ್ಷಣದಿಂದ ಗ್ರಾಮೀಣ ಯುವಕ ಯುವತಿಯರಿಗೆ ದೊರೆತ ಉದ್ಯೋಗವನ್ನೂ ಆತ್ಮವಿಶ್ವಾಸವನ್ನೂ ಕಡೆಗಣಿಸಲಾಗದು. ಆದರೆ ಗುಂಡ್ಲುಪೇಟೆ ಸೀಮೆಯ ಒಬ್ಬ ವಿದ್ಯಾರ್ಥಿನಿ ಬೆಂಗಳೂರಿನಲ್ಲಿ ಈ ವಿದ್ಯೆಯನ್ನು ಕಲಿಯುವಾಗ ತನ್ನ ಊರಿನ ಆಡುಮಾತನ್ನು ಹೊರಗಿಟ್ಟು ತರಗತಿಯನ್ನು ಪ್ರವೇಶಿಸಬೇಕಾದರೆ, ಅವಳಿಗೆ ಸಿಗುವ ವಿದ್ಯೆಗಿಂತ ಊರು ಕಳೆದುಕೊಳ್ಳುವ ವರದಿಗಾರ್ತಿಯೇ ದೊಡ್ಡ ನಷ್ಟವಾಗುತ್ತದೆ.

ಬೇರೆ ದಾರಿಗಳೂ ಇವೆ ಎಂಬುದಕ್ಕೆ ಮಂಗಳೂರೇ ಸಾಕ್ಷಿ. ಸಂತ ಅಲೋಶಿಯಸ್ ಸಂಸ್ಥೆಯ ಸಮುದಾಯ ಬಾನುಲಿ ‘ರೇಡಿಯೋ ಸಾರಂಗ್’ ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ ಕಾರ್ಯಕ್ರಮಗಳನ್ನು ಬಿತ್ತರಿಸಿದೆ. ಮೋಗ್ಲಿಂಗನ ಕಲ್ಲಚ್ಚಿದ್ದ ಊರಿನಲ್ಲಿಯೇ ಕಲಿಕೆ ಮತ್ತು ಜನಭಾಷೆಗಳು ಪುನಃ ಒಂದೆಡೆ ಸೇರಿರುವುದು ಅರ್ಥಪೂರ್ಣ.

ಪತ್ರಿಕೋದ್ಯಮದ ವಿದ್ಯಾರ್ಥಿಗೆ ಜಾನಪದ ಅಧ್ಯಯನ ನೀಡಬಹುದಾದ ಕೊಡುಗೆ ಕ್ಷೇತ್ರಕಾರ್ಯದ ಶಿಸ್ತು. ವಕ್ತೃವಿನ ಬಳಿ ಮತ್ತೆ ಮತ್ತೆ ಹೋಗುವುದು, ಅವರ ಮಾತನ್ನು ಅವರ ಉಚ್ಚಾರದಲ್ಲಿಯೇ ದಾಖಲಿಸುವುದು, ಚಿತ್ರ ತೆಗೆಯುವ ಮುನ್ನ ಒಪ್ಪಿಗೆ ಪಡೆಯುವುದು, ದಾಖಲಿಸಿದ್ದನ್ನು ಅವರಿಗೇ ಓದಿಹೇಳುವುದು – ಇವು ವರದಿಗಾರನಿಗೂ ಛಾಯಾಗ್ರಾಹಕನಿಗೂ ಸಮಾನವಾಗಿ ಅನ್ವಯಿಸುವ ನಿಯಮಗಳು. ಮಾಧ್ಯಮ ವಿಭಾಗಗಳು ಮದ್ದೂರಿನಂತಹ ಗಡಿಗ್ರಾಮಗಳಲ್ಲಿ ಕನ್ನಡದಲ್ಲಿಯೇ ವರದಿ ಮಾಡುವ ಕ್ಷೇತ್ರಕಾರ್ಯವನ್ನು ಪಠ್ಯದ ಕಡ್ಡಾಯ ಭಾಗವಾಗಿಸುವುದು ಅಗತ್ಯ. ಮೊದಲ ಕನ್ನಡ ಪತ್ರಿಕೆಯನ್ನು ರೂಪಿಸಿದವನು ಮೊದಲು ಕೇಳುಗನಾಗಿ ಕಲಿತನು. ಆ ಪರಂಪರೆಯ ನಿಜವಾದ ಉತ್ತರಾಧಿಕಾರ ಕಟ್ಟಡಗಳಲ್ಲಿಲ್ಲ, ಆ ಕೇಳುವಿಕೆಯಲ್ಲಿದೆ.