ಬಿತ್ತುವ ದಿನವನ್ನು ಹೇಳುವವರು ಯಾರು?

ಸಾಸ್ವೆ ಎಂದರೆ ಸಾಸಿವೆ. ದಾವಣಗೆರೆ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಹೆಸರು ಕೇಳಿದೊಡನೆ ಆ ಪುಟ್ಟ ಕಾಳು ಕಣ್ಣ ಮುಂದೆ ಸುಳಿದರೆ ಆಶ್ಚರ್ಯವಿಲ್ಲ. ಕಾಳು ಎಷ್ಟೇ ಪುಟ್ಟದಾಗಿರಲಿ, ಅದನ್ನು ಮಣ್ಣಿಗೆ ಹಾಕುವ ಹೊತ್ತು ತಪ್ಪಿದರೆ ಆಗುವ ನಷ್ಟ ಪುಟ್ಟದಲ್ಲ. ಹಾಗಾದರೆ ಆ ಹೊತ್ತು ಬಂತೆಂದು ರೈತನಿಗೆ ಹೇಳುವವರು ಯಾರು? ಪಂಚಾಂಗವೇ, ನಕ್ಷತ್ರವೇ, ಹವಾಮಾನ ಇಲಾಖೆಯೇ ಅಥವಾ ಕಾಲುಗೆಳೆದ ಮಣ್ಣೇ?

ಚಳಿ ದೇಶಗಳಲ್ಲಿ ಈ ಪ್ರಶ್ನೆಗೆ ಉತ್ತರ ಸರಳ. ಕೊನೆಯ ಹಿಮ ಬಿದ್ದು ಕರಗಿದ ಮೇಲೆ ತರಕಾರಿ ಬಿತ್ತಬೇಕು. ನಮ್ಮ ಬಯಲುಸೀಮೆಯಲ್ಲಿ ಹಿಮದ ಭಯವಿಲ್ಲ. ಆದರೂ ಚಳಿಯ ಲೆಕ್ಕ ಇಲ್ಲದಿಲ್ಲ. ಶಿವರಾತ್ರಿ ಬಂದರೆ ಚಳಿ 'ಶಿವಶಿವಾ' ಎನ್ನುತ್ತ ಹೊರಡುತ್ತದೆ ಎಂಬ ಮಾತಿದೆಯಲ್ಲ, ಬೇಸಿಗೆ ತರಕಾರಿಯ ಮಟ್ಟಿಗೆ ಅದು ಬರಿಯ ತಮಾಷೆಯಲ್ಲ. ತಾಪಮಾನ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಬೆಂಡೆ ಬೀಜ ಸರಿಯಾಗಿ ಮೊಳೆಯದು. ಹೀರೆ, ಹಾಗಲ, ಸೌತೆ, ಕುಂಬಳಗಳಿಗೂ ಬೆಚ್ಚನೆಯ ನೆಲವೇ ಬೇಕು. ಆದ್ದರಿಂದ ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳು ನೀರಿದ್ದವರಿಗೆ ಬಿತ್ತುವ ದಿನಗಳು. ನೀರಿಲ್ಲದವರು ಮುಂಗಾರಿಗೆ ಕಾಯಬೇಕು. ಅವರ ಹಿತ್ತಿಲ ಅವರೆ, ಅಲಸಂದೆಗಳು ರಾಗಿ, ಜೋಳದ ಹೊಲದ ಅಕ್ಕಡಿ ಸಾಲುಗಳೊಡನೆಯೇ ನೆಲ ಸೇರಬೇಕು.

ಕಾಯುವುದೆಂದರೆ ಲೆಕ್ಕ ಹಾಕುವುದು. ನಮ್ಮ ರೈತರ ಲೆಕ್ಕ ತಿಂಗಳುಗಳದ್ದಲ್ಲ, ಮಳೆ ನಕ್ಷತ್ರಗಳದ್ದು. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ 14ರ ಹೊತ್ತಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ, ಆದರೆ ಆರಿದ್ರೆ ಇಲ್ಲದಿದ್ದರೆ ದರಿದ್ರ ಎಂಬಂಥ ಗಾದೆಗಳು ಈ ಲೆಕ್ಕದ ಬಾಯಿಪಾಠ. ಅಕ್ಷರ ಬಾರದವರೂ ಹದಿನೈದು ದಿನಕ್ಕೊಮ್ಮೆ ಬದಲಾಗುವ ಕೃಷಿ ಕ್ಯಾಲೆಂಡರನ್ನು ತಲೆಯಲ್ಲೇ ಇಟ್ಟುಕೊಂಡಿದ್ದರು.

ಈ ವಿದ್ಯೆ ಪುಸ್ತಕಕ್ಕೂ ಇಳಿದಿದೆ. 6ನೇ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ಮೋಡ ಗರ್ಭ ಕಟ್ಟಿದ 195 ದಿನಗಳಿಗೆ ಮಳೆಯಾಗುತ್ತದೆಂದು ಲೆಕ್ಕ ಕೊಟ್ಟ. ಕನ್ನಡದಲ್ಲಿ 1025ರ ಸುಮಾರಿಗೆ ಚಾಲುಕ್ಯರ ಕಾಲದಲ್ಲಿ ಎರಡನೆಯ ಚಾವುಂಡರಾಯ 'ಲೋಕೋಪಕಾರ' ಬರೆದ. ಅಂತರ್ಜಲ, ಗಿಡಮರ, ಅಡುಗೆ, ಔಷಧಿಗಳ ಜತೆಗೆ ಮಳೆಯ ಮುನ್ಸೂಚನೆಯೂ ಅದರಲ್ಲಿದೆ. 1300ರ ಸುಮಾರಿಗೆ ಜೈನ ಕವಿ ರಟ್ಟ, ಮಳೆ, ಮಿಂಚು, ಭೂಕಂಪ ಮುಂತಾದವುಗಳ ಲಕ್ಷಣ ಹೇಳುವ 'ರಟ್ಟಮತ'ವನ್ನೇ ರಚಿಸಿದ. ಅದು 14ನೇ ಶತಮಾನದಲ್ಲಿ ತೆಲುಗಿಗೂ ಹೋಯಿತು. ಪಕ್ಕದ ಸೀಮೆಯ ರೈತನಿಗೂ ಅದೇ ಆತಂಕವಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಪುಸ್ತಕ ಓದದವರಿಗೆ ಜಾತ್ರೆಗಳಿದ್ದವು. ಇದೇ ತುಂಗಭದ್ರೆಯ ಕೆಳದಂಡೆಯಲ್ಲಿ, ಇಂದಿನ ವಿಜಯನಗರ ಜಿಲ್ಲೆಯ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಆ ಒಂದು ಸಾಲಿನಲ್ಲಿ ಜನ ಮಳೆ ಬೆಳೆಯನ್ನು ಹುಡುಕುತ್ತಾರೆ. ಉತ್ತರ ಕರ್ನಾಟಕದ ಊರುಗಳಲ್ಲಿ ಕಾರ ಹುಣ್ಣಿಮೆಯಂದು ಕರಿ ಹರಿಯುವಾಗ ಮುಂದೆ ಬಂದ ಎತ್ತಿನ ಬಣ್ಣ ನೋಡಿ ಯಾವ ಬೆಳೆ ಹುಲುಸಾದೀತೆಂದು ಅಂದಾಜು ಮಾಡುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. ನಕ್ಷತ್ರಗಳ ವರ್ಷಕ್ಕೂ ಋತುಗಳ ವರ್ಷಕ್ಕೂ ಸುಮಾರು 20 ನಿಮಿಷಗಳ ವ್ಯತ್ಯಾಸವಿದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲುತ್ತ ಸುತ್ತುವುದೇ ಇದಕ್ಕೆ ಕಾರಣ. ಈ 20 ನಿಮಿಷ ಕೂಡುತ್ತ ಕೂಡುತ್ತ 72 ವರ್ಷಕ್ಕೆ ಒಂದು ದಿನವಾಗುತ್ತದೆ. ರಟ್ಟನ ಕಾಲದಿಂದ ಈಚೆಗೆ ಮಳೆ ನಕ್ಷತ್ರಗಳು ಋತುವಿನಿಂದ ಸುಮಾರು 10 ದಿನ ಹಿಂದೆ ಬಿದ್ದಿವೆ. ಚಾವುಂಡರಾಯನ ಕಾಲದಿಂದ ಲೆಕ್ಕ ಹಾಕಿದರೆ ಸುಮಾರು 14 ದಿನ, ಅಂದರೆ ಪೂರಾ ಒಂದು ನಕ್ಷತ್ರ! ಅಂದು ಮೃಗಶಿರ ಹುಟ್ಟುತ್ತಿದ್ದ ಹೊತ್ತಿಗೆ ಇಂದು ರೋಹಿಣಿ ಹುಟ್ಟುತ್ತಿದೆ. 1952ರಲ್ಲಿ ಭೌತ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾದುದು ಇಂಥ ಗೊಂದಲಗಳ ಪರಿಹಾರಕ್ಕಾಗಿ. ಅದರ ಫಲವಾಗಿ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆದರೆ ರೈತರ ಬಾಯಲ್ಲಿ ಉಳಿದದ್ದು ಹಳೆಯ ನಕ್ಷತ್ರಗಳೇ.

ಹಾಗಾದರೆ ಗಾದೆಗಳು ಸುಳ್ಳೇ? ಹಾಗೆನ್ನಲಾಗದು. ಒಂದು ತಲೆಮಾರಿನಲ್ಲಿ ಅರ್ಧ ದಿನವೂ ಜಾರದ ಲೆಕ್ಕವನ್ನು ಅನುಭವವೇ ತಿದ್ದುತ್ತ ಬಂದಿರಬೇಕು. ಅದಕ್ಕಿಂತ ಮುಖ್ಯವಾಗಿ, ನಕ್ಷತ್ರ ನೋಡಿ ಮಾತ್ರ ಬಿತ್ತುವುದು ಬೇಸಾಯದ ರೀತಿಯಲ್ಲ. ನಕ್ಷತ್ರ 'ಸಿದ್ಧನಾಗು' ಎನ್ನುತ್ತದೆ, 'ಬಿತ್ತು' ಎನ್ನುವುದು ಮಣ್ಣು. ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಅಂಟಿಕೊಂಡರೆ ನೀರು ಹೆಚ್ಚು, ಉಂಡೆಯೇ ಕಟ್ಟದಿದ್ದರೆ ಹಸಿ ಸಾಲದು. ಈ 'ಹದ'ವನ್ನು ಯಾವ ಪಂಚಾಂಗವೂ ಹೇಳದು.

ನೀರಾವರಿ ಬಂದ ಮೇಲೆ ಮತ್ತೊಂದು ಪಂಚಾಂಗ ಸೇರಿಕೊಂಡಿತು. ಲಕ್ಕವಳ್ಳಿಯ ಭದ್ರಾ ಜಲಾಶಯ 1960ರ ದಶಕದಲ್ಲಿ ಪೂರ್ಣಗೊಂಡಿತು. ಅಚ್ಚುಕಟ್ಟಿಗೆ ಸೇರಿದ ಹೊನ್ನಾಳಿ, ಚನ್ನಗಿರಿಯ ಊರುಗಳಿಗೆ ಬೇಸಿಗೆಯ ಬಿತ್ತನೆ ನಾಲೆಗೆ ನೀರು ಬಿಡುವ ದಿನದ ಮೇಲೆ ನಿಂತಿತು. ಆ ದಿನವನ್ನು ನಿರ್ಧರಿಸುವುದು ನಕ್ಷತ್ರವಲ್ಲ, ಸಭೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷದಲ್ಲಿ ಸಭೆಯ ಕೈಯೂ ಬರಿದಾಗುತ್ತದೆ.

ಮುಂಗಾರೂ ಈಗ ಮಾತು ಕೇಳುತ್ತಿಲ್ಲ. ಕೇರಳಕ್ಕೆ ಅದು ಕಾಲಿಡುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಬಂದದ್ದು ಜೂನ್ 8ಕ್ಕೆ, ಮೃಗಶಿರ ಹುಟ್ಟುವ ಹೊತ್ತಿಗೆ. 2025ರಲ್ಲಿ ಮೇ 24ಕ್ಕೇ, ರೋಹಿಣಿಗೂ ಮೊದಲು. ಎರಡೇ ವರ್ಷಗಳ ಅಂತರದಲ್ಲಿ 15 ದಿನಗಳ ಏರುಪೇರು! ಆಕಾಶ ಒಂದು ಸಾವಿರ ವರ್ಷದಲ್ಲಿ ಜಾರಿದ್ದಕ್ಕಿಂತ ಇದು ಹೆಚ್ಚು.

ಹಿಂದೆ ಬೀಜ ಮನೆಯದಾಗಿತ್ತು. ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಬೀಜ ಒಮ್ಮೆ ಸುಟ್ಟುಹೋದರೆ ಇನ್ನೊಮ್ಮೆ ಬಿತ್ತಲು ಮಡಕೆಯಲ್ಲಿ ಒಂದಿಷ್ಟು ಉಳಿದಿರುತ್ತಿತ್ತು. ಇಂದು ಹೈಬ್ರಿಡ್ ಬೀಜದ ಪೊಟ್ಟಣ ಅಂಗಡಿಯಿಂದ ಬರಬೇಕು, ಬಹಳ ಸಲ ಸಾಲ ಮಾಡಿ. ಒಂದು ಬಿತ್ತನೆ ಹಾಳಾದರೆ ಎರಡನೆಯದಕ್ಕೆ ದುಡ್ಡಿಲ್ಲ. ಆದ್ದರಿಂದ ಹವಾಮಾನ ಮುನ್ಸೂಚನೆಯನ್ನು ಕೇಳುವುದು ಅಗತ್ಯ, ನಕ್ಷತ್ರದ ಹೆಸರು ಮರೆಯದಿರುವುದು ಒಳ್ಳೆಯದು. ಆದರೆ ಕೊನೆಯ ಮಾತನ್ನು ಹಿಡಿ ಮಣ್ಣಿಗೇ ಬಿಡಬೇಕು. ಸಾಸಿವೆ ಕಾಳಿಗೆ ಬೇಕಾದದ್ದೂ ಅಷ್ಟೇ: ಒಂದು ಹದವಾದ ನೆಲ, ಅದನ್ನು ಬಗ್ಗಿ ಮುಟ್ಟಿ ನೋಡುವ ಒಂದು ಕೈ.