ಕಾಲಬೈಶಾಖಿಯ ಮೇಲಿನ ಮಾಳಿಗೆ

ಕೋಲ್ಕತ್ತದಲ್ಲಿ ಕಾಲಬೈಶಾಖಿ ಗುಡುಗಿದಾಗಲೆಲ್ಲ ನನಗೆ ಊರಿನ ಭರಣಿ ಮಳೆ ನೆನಪಾಗುತ್ತೆ. ಆ ಮೋಡಗಳ ಮೇಲೊಂದು ಮಾಳಿಗೆ ಇದೆ ಅಂತ ಬಿಕಾಂ ಓದಿದ ನನಗೆ ತಿಳಿದದ್ದು ತಡವಾಗಿ.

ಇಲ್ಲಿಯ ಬೌಬಜಾರಿನಲ್ಲಿ ಸಿ.ವಿ. ರಾಮನ್ ಜೊತೆ ದುಡಿದಿದ್ದ ಕೆ.ಆರ್. ರಾಮನಾಥನ್ ಆಮೇಲೆ ಹವಾಮಾನ ಇಲಾಖೆ ಸೇರಿದರು. ಬಲೂನು ಹಾರಿಸಿ ಪಡೆದ ಅಳತೆಗಳಿಂದ 1929ರಲ್ಲಿ ಅವರು ತೋರಿಸಿದ್ದು ಇದು: ನೆಲ ಕಾಯುವ ಸಮಭಾಜಕದ ಮೇಲೆಯೇ, ಸುಮಾರು 17 ಕಿ.ಮೀ. ಎತ್ತರದಲ್ಲಿ, ಸೊನ್ನೆಗಿಂತ 80 ಡಿಗ್ರಿಗೂ ಕೆಳಗಿನ ಚಳಿ! ಸ್ತರಗೋಳ ಶುರುವಾಗುವುದು ಅಲ್ಲಿಂದ.

ಅಲ್ಲಿಯ ಗಾಳಿ ಒಮ್ಮೆ ಪೂರ್ವದಿಂದ, ಒಮ್ಮೆ ಪಶ್ಚಿಮದಿಂದ ಬೀಸುತ್ತದೆ; ಒಂದು ಸುತ್ತಿಗೆ ಸುಮಾರು 28 ತಿಂಗಳು. ಇದು ಗೊತ್ತಾದದ್ದು 1960ರ ಹೊತ್ತಿಗೆ. ಮೂಡಣ ಗಾಳಿಯಿದ್ದ ಚಳಿಗಾಲಗಳಲ್ಲಿ ಹಿಂದೂ ಮಹಾಸಾಗರದಿಂದ ಪೂರ್ವಕ್ಕೆ ಸಾಗುವ ಮಳೆಮೋಡಗಳ ಅಲೆ ಹೆಚ್ಚು ಬಲವಾಗಿರುತ್ತದೆ ಎಂದು 2016ರ ಅಧ್ಯಯನವೊಂದು ಕಂಡುಕೊಂಡಿತು. ವಾರಗಳ ಮುಂಚೆ ಮಳೆ ಅಂದಾಜಿಸಲು ಆ ಅಲೆಯೂ ಒಂದು ಆಧಾರ.

ಮಳೆಯ ಲೆಕ್ಕದಲ್ಲಿ ಕಡಲಿನ ಜೊತೆ ಮಾಳಿಗೆಯ ಖಾತೆಯನ್ನೂ ತೆರೆಯಬೇಕು ನೋಡಿ.