ಮನೆಯಲ್ಲಿ ಪೈ: ಇರುವ ಪಾತ್ರೆಗೆ ಅಳತೆ ಹೊಂದಿಸುವ ಬಗೆ



ಕೂಟಗಳ ಊಟದ ಸಾಲಿಗೆ ಹೋಳಿಗೆ, ಕಡುಬಿನ ಜೊತೆ ಈಗ ಕೆಲವು ಮನೆಗಳಿಂದ ಪೈ ಕೂಡ ಬರುತ್ತಿದೆ. ಮಾಡಲು ಹೊರಟವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: “ವಿಧಾನದಲ್ಲಿ 9 ಇಂಚಿನ ತಟ್ಟೆ ಎಂದಿದೆ, ನಮ್ಮ ಮನೆಯಲ್ಲಿ ಅದಿಲ್ಲ, ಏನು ಮಾಡುವುದು?” ಹೊಸ ತಟ್ಟೆ ಕೊಳ್ಳಬೇಕಾಗಿಲ್ಲ, ಇರುವ ಪಾತ್ರೆಯನ್ನು ಅಳೆದುಕೊಂಡರೆ ಸಾಕು. ಅಳೆಯದೆ ಮಾಡಿದರೆ ಹೂರಣ ಉಕ್ಕಿ ಓವನ್‌ನಲ್ಲಿ ಸೀಯುತ್ತದೆ, ಇಲ್ಲವೇ ಮೇಲೆ ಕೆಂಪಾಗಿ ತಳ ಹಸಿಯಾಗಿಯೇ ಉಳಿಯುತ್ತದೆ. ಒಂದು ಕಿಲೋ ಸೇಬು, ಅಷ್ಟು ಬೆಣ್ಣೆ ಹಾಳಾದರೆ ಯಾರಿಗೂ ಬೇಸರವೇ.

ಪೈ ಎಂದರೇನು?

ಕಣಕದ ಒಳಗೆ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸಿದ ತಿನಿಸೇ ಪೈ. ಮಧ್ಯಯುಗದ ಇಂಗ್ಲೆಂಡಿನಲ್ಲಿ ದಪ್ಪ ಕಣಕವೇ ಪಾತ್ರೆಯ ಕೆಲಸ ಮಾಡುತ್ತಿತ್ತು. ಆ ಕಣಕದ ಗೂಡನ್ನು ಅಲ್ಲಿಯವರು ‘ಕಾಫಿನ್’, ಅಂದರೆ ಪೆಟ್ಟಿಗೆ, ಎಂದೇ ಕರೆಯುತ್ತಿದ್ದರು. ಪಾತ್ರೆಯೇ ಬೇಡದ ಪೈಗಳು ಇಂದೂ ಇವೆ. ಕಾರ್ನ್‌ವಾಲ್ ಪ್ರಾಂತ್ಯದ ಪೇಸ್ಟಿ ನೋಡಲು ನಮ್ಮ ಕರ್ಜಿಕಾಯಿಯ ಅಣ್ಣನಂತಿದೆ: ಅರ್ಧಚಂದ್ರಾಕಾರ, ಅಂಚಿಗೆ ಮಡಿಕೆ. ಆದರೆ ಕರಿಯುವುದಿಲ್ಲ, ಬೇಕ್ ಮಾಡುತ್ತಾರೆ. ಅದಕ್ಕೆ 2011ರಲ್ಲಿ ಯುರೋಪಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗೋವಾದ ಸದಸ್ಯರಿಗೆ ಪೋರ್ಚುಗೀಸರ ಕಾಲದಿಂದ ಬಂದ ‘ಎಂಪಾದಿನ್ಯಾ’ ಎಂಬ ಪುಟ್ಟ ಪೈಗಳ ಪರಿಚಯ ಇರಬಹುದು. ಅಮೆರಿಕದಲ್ಲಿ ಇಳಿಜಾರು ಅಂಚಿನ 9 ಇಂಚಿನ, ಅಂದರೆ 23 ಸೆಂ.ಮೀ.ನ, ದುಂಡು ತಟ್ಟೆ ರೂಢಿಯಾಯಿತು. ನಮಗೆ ಸಿಗುವ ಬಹುತೇಕ ಅಳತೆಗಳು ಅದಕ್ಕೇ ಬರೆದವು.

ಮೂಲ ಅಳತೆ (23 ಸೆಂ.ಮೀ. ತಟ್ಟೆ, ಮೇಲೆ ಕೆಳಗೆ ಕಣಕ, ಮೊಟ್ಟೆ ಇಲ್ಲ)

ಕಣಕ: ಮೈದಾ 300 ಗ್ರಾಂ, ತಣ್ಣನೆಯ ಬೆಣ್ಣೆ 150 ಗ್ರಾಂ, ಉಪ್ಪು ಅರ್ಧ ಚಮಚ, ತಣ್ಣೀರು 80ರಿಂದ 100 ಮಿ.ಲೀ.
ಹೂರಣ: ಸೇಬು 1 ಕಿಲೋ, ಸಕ್ಕರೆ 100ರಿಂದ 125 ಗ್ರಾಂ, ಕಾರ್ನ್‌ಫ್ಲೋರ್ 2 ದೊಡ್ಡ ಚಮಚ, ಚಕ್ಕೆ ಪುಡಿ, ಅರ್ಧ ನಿಂಬೆಯ ರಸ.

ಬೆಣ್ಣೆಯನ್ನು ಹಿಟ್ಟಿನಲ್ಲಿ ಬೆರಳ ತುದಿಯಿಂದ ಉದುರುದುರಾಗಿ ಬೆರೆಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಉಂಡೆ ಕಟ್ಟಿ. ಚಪಾತಿ ಹಿಟ್ಟಿನಂತೆ ನಾದಬಾರದು, ನಾದಿದರೆ ಕಣಕ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಲಟ್ಟಿಸಿ. ಹೂರಣ ತುಂಬಿ ಮೇಲಿನ ಕಣಕ ಮುಚ್ಚಿದ ಮೇಲೆ ಹಬೆ ಹೋಗಲು ಚಾಕುವಿನಿಂದ ನಾಲ್ಕೈದು ಸೀಳು ಹಾಕಿ.

ಪಾತ್ರೆ ಬದಲಾದಾಗ

ಆಳ ಒಂದೇ ಇದ್ದರೆ ವಿಸ್ತೀರ್ಣ ನೋಡಿದರೆ ಸಾಕು. ಇಲ್ಲಿ ಶಾಲೆಯಲ್ಲಿ ಕಲಿತ ಇನ್ನೊಂದು ಪೈ ಬೇಕು: ತ್ರಿಜ್ಯದ ವರ್ಗವನ್ನು 3.14ರಿಂದ ಗುಣಿಸಿ. ಚೌಕ, ಆಯತಕ್ಕೆ ಉದ್ದವನ್ನು ಅಗಲದಿಂದ ಗುಣಿಸಿ. ಮೂಲ ಅಳತೆಯನ್ನು ಎಷ್ಟರಿಂದ ಗುಣಿಸಬೇಕು ಎಂಬುದು ಹೀಗೆ:

- ದುಂಡು 15 ಸೆಂ.ಮೀ.: 0.43
- ದುಂಡು 18 ಸೆಂ.ಮೀ.: 0.6
- ದುಂಡು 20 ಸೆಂ.ಮೀ.: 0.75
- ದುಂಡು 23 ಸೆಂ.ಮೀ.: 1
- ದುಂಡು 25 ಸೆಂ.ಮೀ.: 1.2
- ಚೌಕ 20 × 20 ಸೆಂ.ಮೀ.: ಹೆಚ್ಚುಕಡಿಮೆ 1
- ಆಯತ 20 × 30 ಸೆಂ.ಮೀ.: 1.45

ಇಲ್ಲಿ ಎರಡು ಮಾತು ನೆನಪಿಡಿ. 20 ಸೆಂ.ಮೀ. ಚೌಕದ ಕೇಕ್ ಟಿನ್ ಇದ್ದರೆ ಲೆಕ್ಕವೇ ಬೇಡ, ಅದು 23ರ ದುಂಡು ತಟ್ಟೆಗೆ ಸಮ. ಇನ್ನು ಅರ್ಧ ಅಳತೆ ಎಂದರೆ ಅರ್ಧ ಅಗಲವಲ್ಲ. ಅರ್ಧ ಹೂರಣಕ್ಕೆ ಬೇಕಾದದ್ದು ಸುಮಾರು 16 ಸೆಂ.ಮೀ. ತಟ್ಟೆ. ಅರ್ಧ ಅಗಲದ ತಟ್ಟೆಗೆ ಕಾಲು ಭಾಗ ಹೂರಣವಷ್ಟೇ ಹಿಡಿಯುತ್ತದೆ.

ಆಳ ಬೇರೆಯಾಗಿದ್ದರೆ, ಅಥವಾ ಆಕಾರ ವಕ್ರವಾಗಿದ್ದರೆ, ನೀರಿನಿಂದ ಅಳೆಯಿರಿ. 23 ಸೆಂ.ಮೀ. ಪೈ ತಟ್ಟೆಗೆ ಸುಮಾರು 950 ಮಿ.ಲೀ. ನೀರು ಹಿಡಿಯುತ್ತದೆ. ನಿಮ್ಮ ಪಾತ್ರೆ 600 ಮಿ.ಲೀ. ಹಿಡಿದರೆ ಹೂರಣ ಮೂರರಲ್ಲಿ ಎರಡು ಪಾಲು ಸಾಕು. ತಳ ಬಿಚ್ಚುವ ಟಿನ್ನಿನಲ್ಲಿ ನೀರು ಸೋರುತ್ತದೆ, ಅಕ್ಕಿ ತುಂಬಿ ಅಳೆಯಿರಿ. ಹಸಿ ಸೇಬಿನ ಹೋಳು ಬೆಂದಾಗ ಕುಗ್ಗುವುದರಿಂದ ಅಂಚಿಗಿಂತ ಮೇಲೆ ಗುಡ್ಡೆ ಹಾಕಬಹುದು. ಬೇಯಿಸಿದ ಹೂರಣವನ್ನು ಮಾತ್ರ ಅಂಚಿಗಿಂತ ಒಂದು ಬೆರಳು ಕೆಳಗೆ ನಿಲ್ಲಿಸಿ.

ಕಣಕದ ಲೆಕ್ಕ ಬೇರೆ

ಪಾತ್ರೆ ಚಿಕ್ಕದಾದಷ್ಟೂ ಹೂರಣಕ್ಕೆ ಹೋಲಿಸಿದರೆ ಕಣಕ ಹೆಚ್ಚು ಬೇಕು, ಏಕೆಂದರೆ ಗೋಡೆಗಳ ಪಾಲು ಹೆಚ್ಚುತ್ತದೆ. ಒಂದು ದೊಡ್ಡ ಪೈಯ ಹೂರಣವನ್ನು 7 ಸೆಂ.ಮೀ. ಅಗಲದ ಸ್ಟೀಲ್ ಬಟ್ಟಲುಗಳಿಗೆ ಹಂಚಿದರೆ ಕಣಕ ಸುಮಾರು ಒಂದೂವರೆ ಪಟ್ಟು ಹಿಡಿಯುತ್ತದೆ. ಎಷ್ಟು ಅಗಲ ಲಟ್ಟಿಸಬೇಕೆಂದು ತಿಳಿಯಲು ಒಂದು ದಾರವನ್ನು ಪಾತ್ರೆಯ ಒಂದು ಅಂಚಿನಿಂದ ಒಳಗಿಳಿಸಿ, ತಳದ ಮೇಲೆ ಹಾಯಿಸಿ, ಎದುರಿನ ಅಂಚಿಗೆ ತನ್ನಿ. ಆ ಉದ್ದಕ್ಕೆ ಎರಡೂ ಕಡೆ 2 ಸೆಂ.ಮೀ. ಸೇರಿಸಿ.

ಉರಿ ಮತ್ತು ಸಮಯ

ಸಮಯವನ್ನು ನಿರ್ಧರಿಸುವುದು ಅಗಲಕ್ಕಿಂತ ಹೆಚ್ಚಾಗಿ ಆಳ. 23 ಸೆಂ.ಮೀ. ಪೈಗೆ ಮೊದಲ 20 ನಿಮಿಷ 220 ಡಿಗ್ರಿ ಸೆಲ್ಸಿಯಸ್, ನಂತರ 180ರಲ್ಲಿ 35ರಿಂದ 45 ನಿಮಿಷ. ಬಟ್ಟಲು ಪೈಗೆ 200ರಲ್ಲಿ 20ರಿಂದ 25 ನಿಮಿಷ. ತೆಳುವಾದ ಟ್ರೇ ಪೈಗೆ 190ರಲ್ಲಿ ಸುಮಾರು 40 ನಿಮಿಷ. ಆದರೆ ಗಡಿಯಾರವನ್ನು ಪೂರ್ತಿ ನಂಬಬೇಡಿ: ಸೀಳಿನಲ್ಲಿ ರಸ ದಪ್ಪಗೆ ಕುದಿಯುವುದು ಕಾಣಬೇಕು. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ. ತಳ ಹಸಿ ಉಳಿಯದಂತೆ ಕೆಳಗಿನ ಹಲಗೆಯಲ್ಲಿಟ್ಟು ಕೆಳಗಿನ ರಾಡ್ ಉರಿಯುವಂತೆ ನೋಡಿಕೊಳ್ಳಿ. ಚಿಕ್ಕ ಓವನ್ ಆದರೆ ಪಾತ್ರೆಯ ಸುತ್ತ 2–3 ಸೆಂ.ಮೀ. ಜಾಗ ಇದೆಯೇ ಎಂದು ಕಣಕ ಕಲಸುವ ಮೊದಲೇ ಇಟ್ಟು ನೋಡಿ. ಬರೀ ಮೈಕ್ರೋವೇವ್‌ನಲ್ಲಿ ಕಣಕ ಗರಿಯಾಗುವುದಿಲ್ಲ, ಕನ್ವೆಕ್ಷನ್ ಬೇಕು.

ಪಾತ್ರೆ ಯಾವುದರದ್ದು?

- ಅಲ್ಯೂಮಿನಿಯಂ: ಶಾಖ ಬೇಗ ಹರಿಯುತ್ತದೆ, ತಳ ಚೆನ್ನಾಗಿ ಬೇಯುತ್ತದೆ. ಹುಳಿ ಹೂರಣವನ್ನು ಅದರಲ್ಲೇ ರಾತ್ರಿಯಿಡೀ ಬಿಡಬೇಡಿ.
- ಕಪ್ಪು ಬಣ್ಣದ ಟಿನ್: ಬೇಗ ಕೆಂಪಾಗುತ್ತದೆ, ಹತ್ತು ನಿಮಿಷ ಮೊದಲೇ ನೋಡಿ.
- ಸ್ಟೀಲ್: ಶಾಖ ನಿಧಾನವಾಗಿ ಹರಿಯುತ್ತದೆ. ಓವನ್ ಜೊತೆಗೆ ಕಾಯಿಸಿದ ಟ್ರೇ ಮೇಲೆ ಇಟ್ಟರೆ ತಳ ಬೇಯುತ್ತದೆ.
- ಗಾಜು: ತಳ ಬೆಂದಿದೆಯೇ ಎಂದು ಹೊರಗಿನಿಂದಲೇ ಕಾಣುತ್ತದೆ. ಓವನ್‌ಗೆಂದೇ ತಯಾರಾದ ಗಾಜು ಮಾತ್ರ ಬಳಸಿ.

ಗಾಜಿನ ವಿಷಯದಲ್ಲಿ ಎಚ್ಚರ ಇರಲಿ. ಫ್ರಿಜ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರ ಬಿಸಿ ಓವನ್‌ಗೆ ಇಟ್ಟರೆ, ಅಥವಾ ಬಿಸಿ ಪಾತ್ರೆಯನ್ನು ಒದ್ದೆ ಕಲ್ಲಿನ ಮೇಲಿಟ್ಟರೆ, ಅದು ಸಿಡಿದು ಚೂರಾಗಬಹುದು. ಒಂದು ಚೂರು ಹೂರಣದಲ್ಲಿ ಸೇರಿದರೂ ಇಡೀ ಪೈ ಎಸೆಯಲೇಬೇಕು. ಒಣ ಬಟ್ಟೆ ಅಥವಾ ಮರದ ಹಲಗೆಯ ಮೇಲೆ ಇಳಿಸಿ. ಮೆಲಮೈನ್ ತಟ್ಟೆ, ಪ್ಲಾಸ್ಟಿಕ್ ಹಿಡಿಯ ಪಾತ್ರೆ ಓವನ್‌ಗೆ ಬೇಡವೇ ಬೇಡ.

ಕೂಟಕ್ಕೆ ತರುವವರಿಗೆ

ತುಂಬ ಜನಕ್ಕಾದರೆ 20 × 30ರ ಟ್ರೇ ಒಳ್ಳೆಯದು, 5 ಸೆಂ.ಮೀ. ಚೌಕವಾಗಿ ಕೊಯ್ದರೆ 24 ತುಂಡು. ಬೆಂದ ಹಣ್ಣಿನ ಪೈಯನ್ನು ಎರಡು ಮೂರು ಗಂಟೆ ಆರಲು ಬಿಟ್ಟರೆ ರಸ ಗಟ್ಟಿಯಾಗಿ ತುಂಡು ಚೊಕ್ಕವಾಗಿ ಬರುತ್ತದೆ. ನೀಲಗಿರಿಯವರು ಪ್ಲಮ್, ಪೇರ್ ಹಣ್ಣಿನಲ್ಲೂ, ಕಾಸರಗೋಡಿನವರು ಅನಾನಸಿನಲ್ಲೂ ಮಾಡಬಹುದು. ಅನಾನಸಿನಲ್ಲಿ ನೀರು ಹೆಚ್ಚು, ಅದನ್ನು ಮೊದಲೇ ಬಾಣಲೆಯಲ್ಲಿ ಬತ್ತಿಸಿ, ಆರಿಸಿ ತುಂಬಿ. ಮೊಟ್ಟೆ, ಮಾಂಸ, ಗೋಡಂಬಿ ಇದ್ದರೆ ಪಾತ್ರೆಯ ಪಕ್ಕ ಒಂದು ಚೀಟಿಯಲ್ಲಿ ಬರೆದಿಡಿ, ಉಣ್ಣುವವರು ಕೇಳಲು ಸಂಕೋಚಪಡಬೇಕಾಗುವುದಿಲ್ಲ.

ಒಮ್ಮೆ ಅಳೆದ ಪಾತ್ರೆಯ ಅಗಲ, ಹಿಡಿಯುವ ನೀರು, ಬೆಂದ ಸಮಯ ಈ ಮೂರನ್ನು ಅಡುಗೆ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಯಾವ ವಿಧಾನ ಕೈಗೆ ಸಿಕ್ಕರೂ ನಿಮ್ಮ ಪಾತ್ರೆಗೆ ಹೊಂದುತ್ತದೆ.